ಬರೀ ಓದಿದ್ದೇವೆ ಎಂಬ ನೆಪ

ಕಾನೂನು ಮಾಡುವುದು ಜನ ಆರಿಸಿ ಕಳಿಸಿದವರ ಕೆಲಸ, ಅದನ್ನು ಓದಿ ಹೇಳುವುದಷ್ಟೇ ನ್ಯಾಯಾಧೀಶರ ಕೆಲಸ. ಈ ಮಾತಿಗೆ ನಮ್ಮಲ್ಲಿ ಎದುರಾಡುವವರು ಕಡಿಮೆ. ಪತ್ರಿಕೆಯ ಸಂಪಾದಕೀಯದಲ್ಲಿ, ವಕೀಲರ ಸಂಘದ ಭಾಷಣದಲ್ಲಿ, ಕೇಸು ಸೋತವನ ಸಿಟ್ಟಿನಲ್ಲಿ ಇದೇ ಕೇಳಿಸುತ್ತದೆ. ತೀರ್ಪು ತಮ್ಮ ಕಡೆಗೆ ಬಂದ ದಿನ ಮಾತ್ರ ಇದು ಯಾರಿಗೂ ನೆನಪಾಗುವುದಿಲ್ಲ, ಅದು ಬೇರೆ ಮಾತು. ಕೇಳಲು ಸೊಗಸಾಗಿದೆ, ಪ್ರಜಾಪ್ರಭುತ್ವದ ಮರ್ಯಾದೆ ಉಳಿಸುವಂತೆಯೂ ಇದೆ. ಆದರೆ ಇದನ್ನೇ ನಂಬಿಕೊಂಡು ಭಟ್ಕಳದ ತೆಂಗಿನಗುಂಡಿ ಬಂದರಿಗೆ ಹೋದರೆ ಒಂದೇ ಒಂದು ಹೆಸರಿನ ಮುಂದೆ ಅದು ಮುಗ್ಗರಿಸುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ‘ಮೊಗೇರ್’ ಎಂಬ ಹೆಸರು ಅದು.

ತೆಂಗಿನಗುಂಡಿ, ಅಳ್ವೆಕೋಡಿ ಕಡೆಯ ಮೊಗೇರರು ಮೀನುಗಾರರು. ಪಟ್ಟಿಯಲ್ಲಿ ನಮ್ಮ ಹೆಸರಿದೆ, ಪ್ರಮಾಣಪತ್ರ ಕೊಡಿ ಎನ್ನುತ್ತಾರೆ. ಇತ್ತ ದಕ್ಷಿಣ ಕನ್ನಡದಲ್ಲಿ ಮೊಗೇರರೆಂದೇ ಕರೆಸಿಕೊಳ್ಳುವ ಇನ್ನೊಂದು ಸಮುದಾಯವಿದೆ. ಒಳನಾಡಿನವರು, ಮುಗೇರ್ಲು ದೈವಗಳನ್ನು ನಂಬಿದವರು, ಅಸ್ಪೃಶ್ಯತೆಯ ಪೆಟ್ಟನ್ನು ತಲೆಮಾರುಗಟ್ಟಲೆ ತಿಂದವರು. ಪಟ್ಟಿ ಮಾಡಿದ್ದು ಇವರಿಗಾಗಿ, ಕಡಲಿನವರಿಗಾಗಿ ಅಲ್ಲ ಎನ್ನುವುದು ಎದುರು ಪಕ್ಷದ ವಾದ. ಭಟ್ಕಳದ ಮೊಗೇರರಿಗೆ ಕೆಲವು ವರ್ಷ ಪ್ರಮಾಣಪತ್ರ ಸಿಕ್ಕಿತು, ಆಮೇಲೆ ನಿಂತಿತು. 2022ರಲ್ಲಿ ಅವರು ಭಟ್ಕಳದಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ದೋಣಿಗೆ ಹೋಗಬೇಕಾದವರು ಪೆಂಡಾಲಿನಡಿ ಕೂತು ಕೇಳಿದ್ದು ಇಷ್ಟೇ: ಬರೆದಿರುವುದನ್ನು ಓದಿ.

ಸರಿ, ಓದೋಣ. ಪಟ್ಟಿಯಲ್ಲಿ ಹೆಸರಿದೆ, ವಿವರಣೆ ಇಲ್ಲ. ಕಸುಬು ಯಾವುದು, ದೈವ ಯಾವುದು, ಭಾಷೆ ಯಾವುದು ಎಂದು ಒಂದಕ್ಷರವಿಲ್ಲ. ಒಂದೇ ಹೆಸರಿಗೆ ಇಬ್ಬರು ‘ನಾನು’ ಎಂದು ಕೈಯೆತ್ತಿದರೆ ಪಟ್ಟಿ ಬಾಯಿ ಬಿಡುವುದಿಲ್ಲ. ಆಗ ಓದುವವನು ಏನಾದರೊಂದನ್ನು ಸೇರಿಸಲೇಬೇಕು. ಇಬ್ಬರೂ ಹೌದು ಎಂದರೆ ಒಂದು ಕಾನೂನು, ಒಬ್ಬನೇ ಎಂದರೆ ಇನ್ನೊಂದು ಕಾನೂನು. ಎರಡರಲ್ಲಿ ಯಾವುದೂ ಕಾಗದದಲ್ಲಿಲ್ಲ.

ಶಾಸನಕರ್ತರ ಮನಸ್ಸಿನಲ್ಲಿ ಏನಿತ್ತು ನೋಡಿ ಎನ್ನುವವರಿದ್ದಾರೆ. ಆ ಮನಸ್ಸನ್ನು ಹುಡುಕಿಕೊಂಡು ಹೊರಟರೆ ಸಿಗುವ ದಾರಿ ವಿಚಿತ್ರವಾಗಿದೆ. ಪರಿಶಿಷ್ಟ ಜಾತಿಗಳ ಮೊದಲ ಆದೇಶ ಬಂದದ್ದು 1950ರ ಆಗಸ್ಟಿನಲ್ಲಿ, ರಾಷ್ಟ್ರಪತಿಗಳ ಸಹಿಯೊಂದಿಗೆ. ದೇಶದಲ್ಲಿ ಮೊದಲ ಮಹಾಚುನಾವಣೆ ಆಗ ಇನ್ನೂ ನಡೆದಿರಲಿಲ್ಲ. ಆ ಪಟ್ಟಿಗೆ ಬಹುಮಟ್ಟಿಗೆ ಆಧಾರವಾದದ್ದು 1936ರಲ್ಲಿ ವಸಾಹತು ಸರ್ಕಾರ ಹೊರಡಿಸಿದ ಪಟ್ಟಿ. ಅಂದರೆ ಯಾವುದೋ ಕಚೇರಿಯಲ್ಲಿ ಯಾರೋ ಗುಮಾಸ್ತರು ಜಿಲ್ಲೆಗಳಿಂದ ಬಂದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದಿಟ್ಟದ್ದು. ಇದರಲ್ಲಿ ಜನಾಭಿಪ್ರಾಯ ಎಲ್ಲಿ ಬಂತು?

1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದವು. ಮದ್ರಾಸಿನ ಪಟ್ಟಿಯ ಈ ಹೆಸರು ನಮ್ಮ ರಾಜ್ಯಕ್ಕೆ ಬಂದಾಗ ದಕ್ಷಿಣ ಕನ್ನಡ ಜಿಲ್ಲೆಗೂ ಕೊಳ್ಳೇಗಾಲ ತಾಲ್ಲೂಕಿಗೂ ಸೀಮಿತವಾಗಿತ್ತು. ಬಾಂಬೆ ಪ್ರಾಂತ್ಯದಿಂದ ಬಂದ ಉತ್ತರ ಕನ್ನಡಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಆಮೇಲೆ 1976ರ ತಿದ್ದುಪಡಿ ಕಾಯ್ದೆ ಈ ಪ್ರದೇಶ ನಿರ್ಬಂಧಗಳನ್ನು ತೆಗೆದುಹಾಕಿತು, 1977ರ ಜುಲೈನಿಂದ ಜಾರಿಗೆ ಬಂತು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟನಾದವನು ಪಕ್ಕದ ಜಿಲ್ಲೆಗೆ ಹೋದ ಕೂಡಲೇ ಏನೂ ಅಲ್ಲದವನಾಗುವ ಅನ್ಯಾಯ ತಪ್ಪಲಿ ಎಂಬುದು ಅದರ ಆಶಯ, ಒಳ್ಳೆಯ ಆಶಯವೇ. ಆದರೆ ಅದೇ ಏಟಿಗೆ ‘ಮೊಗೇರ್’ ಎಂಬ ಹೆಸರು ಶಿರೂರು ಗಡಿ ದಾಟಿ ಭಟ್ಕಳಕ್ಕೆ ಬಂತು. ಅಲ್ಲಿ ಆ ಹೆಸರಿನ ಜನ ಮೊದಲೇ ಇದ್ದರು. ಸಂಸತ್ತಿನಲ್ಲಿ ಕೈಯೆತ್ತಿದವರ ಮನಸ್ಸಿನಲ್ಲಿ ಭಟ್ಕಳ ಸುಳಿದಿತ್ತೇ? ಇನ್ನೊಂದನ್ನೂ ಮರೆಯುವ ಹಾಗಿಲ್ಲ: 1976 ತುರ್ತು ಪರಿಸ್ಥಿತಿಯ ವರ್ಷ, ವಿರೋಧ ಪಕ್ಷದ ಅನೇಕ ಸಂಸದರು ಜೈಲಿನಲ್ಲಿದ್ದರು. ‘ಜನಪ್ರತಿನಿಧಿಗಳ ಇಚ್ಛೆ’ ಎಂದು ನಾವು ಕೈಮುಗಿಯುವ ವಾಕ್ಯ ಹುಟ್ಟಿದ್ದು ಅಂಥ ಸದನದಲ್ಲಿ.

ಇನ್ನು ಕಾಸರಗೋಡಿಗೆ ಬನ್ನಿ. 1956ರವರೆಗೆ ಅದೂ ದಕ್ಷಿಣ ಕನ್ನಡದ ಭಾಗ, ಅಲ್ಲಿಗೂ ಹೋದದ್ದು ಮದ್ರಾಸಿನ ಪಟ್ಟಿಯ ಇದೇ ಹೆಸರು. 2002ರ ತಿದ್ದುಪಡಿಯಲ್ಲಿ ಸಂಸತ್ತು ಕೇರಳದ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ಮೊಗೆಯರ್ ಹೊರತುಪಡಿಸಿ’ ಎಂದು ಸೇರಿಸಿತು. ಮೊಗೆಯರೆಂದರೆ ಅಲ್ಲಿನ ಮೀನುಗಾರರು. ಕರ್ನಾಟಕದ ಪಟ್ಟಿಗೆ ಅಂಥದ್ದೇನೂ ಸೇರಲಿಲ್ಲ.

ಇದರಿಂದ ಏನು ತಿಳಿಯಬೇಕು? ಭಟ್ಕಳದ ವಕೀಲ ಹೇಳಬಹುದು: ಮೀನುಗಾರರನ್ನು ಹೊರಗಿಡಬೇಕಾದಾಗ ಸಂಸತ್ತು ಬಾಯಿಬಿಟ್ಟು ಹೇಳಿದೆ, ಇಲ್ಲಿ ಹೇಳಿಲ್ಲ, ಆದ್ದರಿಂದ ಇಲ್ಲಿ ಅವರೂ ಸೇರುತ್ತಾರೆ. ಎದುರಿನ ವಕೀಲ ಅಷ್ಟೇ ಗಟ್ಟಿಯಾಗಿ ಹೇಳಬಹುದು: ಮೀನುಗಾರರು ಎಂದೂ ಪಟ್ಟಿಯಲ್ಲಿ ಇರಲೇ ಇಲ್ಲ ಎಂಬುದನ್ನೇ ಸಂಸತ್ತು ಕೇರಳದಲ್ಲಿ ಸ್ಪಷ್ಟಪಡಿಸಿದೆ, ಇಲ್ಲೂ ಅದೇ ಅರ್ಥ. ವ್ಯಾಖ್ಯಾನದ ಪಾಠಪುಸ್ತಕದಲ್ಲಿ ಎರಡಕ್ಕೂ ಸೂತ್ರವಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ತೆಗೆದರೆ ‘ಮೊಗೇರ್’ ಎಂಬಲ್ಲಿ ಸಿಗುವುದು ದಕ್ಷಿಣ ಕನ್ನಡದ ಮೀನುಗಾರ ಜಾತಿ! ಅದನ್ನೂ ಇಬ್ಬರೂ ಬಳಸಬಹುದು. ಸರ್ಕಾರಿ ಕಣ್ಣಿನಲ್ಲಿ ಆ ಹೆಸರು ಮೀನುಗಾರರದೇ ಆಗಿತ್ತು ಎಂದು ಒಬ್ಬ, ಅಸ್ಪೃಶ್ಯರ ಪಟ್ಟಿಗೆ ಮೀನುಗಾರರ ಹೆಸರು ಬಂದದ್ದೇ ಬರೆದವನ ಗೊಂದಲದಿಂದ ಎಂದು ಇನ್ನೊಬ್ಬ. ‘ಬರೆದದ್ದನ್ನು ಓದಿ’ ಎಂಬ ಉಪದೇಶ ಇಷ್ಟು ಹೊತ್ತಿಗೆ ಎಲ್ಲಿ ಉಳಿಯಿತು?

ಇಂಥ ಸಂದರ್ಭವನ್ನು ನಮ್ಮ ನ್ಯಾಯಾಲಯ ಹಿಂದೆ ಎದುರಿಸಿಲ್ಲ ಎಂದೇನಲ್ಲ. ಎದುರಿಸಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. 1962ರ ವಿಧಾನಸಭೆ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮೀಸಲು ಕ್ಷೇತ್ರದಿಂದ ಮುನಿಚಿನ್ನಪ್ಪ ಗೆದ್ದರು. ಅವರು ಪಟ್ಟಿಯಲ್ಲಿರುವ ಭೋವಿ ಅಲ್ಲ, ವಡ್ಡರು ಎಂದು ಬಿ. ಬಸವಲಿಂಗಪ್ಪ ಪ್ರಶ್ನಿಸಿದರು. ಪ್ರಕರಣ ಸುಪ್ರೀಂ ಕೋರ್ಟಿನ ಐವರ ಪೀಠದ ಮುಂದೆ ಬಂತು. 1964ರ ತೀರ್ಪು ಬರೆದ ನ್ಯಾ. ವಾಂಛೂ ಮೊದಲು ಸಾಮಾನ್ಯ ನಿಯಮವನ್ನೇ ಹೇಳಿದರು: ಪಟ್ಟಿಯಲ್ಲಿಲ್ಲದ ಜಾತಿ ಪಟ್ಟಿಯಲ್ಲಿರುವ ಜಾತಿಯೊಳಗೆ ಸೇರುತ್ತದೆಂದು ಸಾಕ್ಷ್ಯ ತರುವಂತಿಲ್ಲ, ಸಂವಿಧಾನದ 341ನೇ ವಿಧಿಯ ಪ್ರಕಾರ ಸೇರಿಸುವ ತೆಗೆಯುವ ಅಧಿಕಾರ ಸಂಸತ್ತಿನದು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1956ಕ್ಕೆ ಮೊದಲಿನ ಮೈಸೂರಿನಲ್ಲಿ ಭೋವಿ ಎಂಬ ಹೆಸರಿನ ಜಾತಿಯೇ ಇರಲಿಲ್ಲವೆಂದು ಉಭಯತ್ರರೂ ಒಪ್ಪುತ್ತಾರೆ, ಪಟ್ಟಿಯಲ್ಲಿ ಹೆಸರಿದೆ ಎಂದಮೇಲೆ ಅದು ಯಾರಿಗೋ ಹೇಳಿದ್ದೇ ಇರಬೇಕು, ಯಾರಿಗೆಂದು ತಿಳಿಯಲು ಸಾಕ್ಷ್ಯ ಕೇಳದೆ ದಾರಿಯಿಲ್ಲ ಎಂದರು. ಸಾಕ್ಷ್ಯ ಬಂತು. ವಡ್ಡರ ಸಮುದಾಯ ತನ್ನ ಹೆಸರನ್ನು ಭೋವಿ ಎಂದು ಬದಲಿಸಿಕೊಳ್ಳಲು ನಿರ್ಣಯಿಸಿದ್ದು, 1946ರಲ್ಲಿ ಮೈಸೂರು ಸರ್ಕಾರ ಅದನ್ನು ಒಪ್ಪಿ ಆದೇಶ ಹೊರಡಿಸಿದ್ದು ಎಲ್ಲ ಬೆಳಕಿಗೆ ಬಂತು. ಮುನಿಚಿನ್ನಪ್ಪನವರ ಗೆಲುವು ಉಳಿಯಿತು.

ಇದು ಕಾನೂನು ಓದಿದ್ದೋ, ಮಾಡಿದ್ದೋ? ಮಾಡಿದ್ದೇ ಎನ್ನುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣುವುದಿಲ್ಲ. ವಿವಾದಕ್ಕಿಳಿದ ಇಬ್ಬರೂ ಎದುರಿಗಿದ್ದರು. ಪ್ರಶ್ನೆ ಏನೆಂದು ತೀರ್ಪಿನಲ್ಲಿ ಮುಚ್ಚುಮರೆಯಿಲ್ಲದೆ ಬರೆದಿತ್ತು. ಯಾವ ಸಾಕ್ಷ್ಯದಿಂದ ಯಾವ ನಿರ್ಣಯಕ್ಕೆ ಬಂದರೆಂದು ಯಾರು ಬೇಕಾದರೂ ಓದಿ ಜಗಳ ತೆಗೆಯಬಹುದಿತ್ತು. ಬೇಡವೆಂದರೆ ಮರುದಿನವೇ ಪಟ್ಟಿ ತಿದ್ದುವ ಅಧಿಕಾರ ಸಂಸತ್ತಿಗೆ ಇದ್ದೇ ಇತ್ತು.

2000ದ ನವೆಂಬರಿನಲ್ಲಿ ಈ ಕಿಂಡಿ ಬಹುಪಾಲು ಮುಚ್ಚಿತು. ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ ಇನ್ನೊಂದು ಐವರ ಪೀಠ ಹೇಳಿತು: ಪಟ್ಟಿಯನ್ನು ಇದ್ದಂತೆಯೇ ಓದಬೇಕು, ವಿಚಾರಣೆ ಸಲ್ಲದು, ಸಾಕ್ಷ್ಯ ಸಲ್ಲದು, ಭೋವಿ ಪ್ರಕರಣ ಆ ಸಂದರ್ಭಕ್ಕಷ್ಟೇ ಸರಿ. ಹಲಬಾ ಎಂಬ ಬುಡಕಟ್ಟಿನಲ್ಲಿ ಹಲಬಾ-ಕೋಷ್ಟಿಗಳು ಸೇರುತ್ತಾರೆಯೇ ಎಂಬ ಅಲ್ಲಿನ ಪ್ರಶ್ನೆಗೆ ಆ ಉತ್ತರ ಒಪ್ಪುವಂಥದ್ದೇ. ಪಟ್ಟಿಯ ಬಾಗಿಲಲ್ಲಿ ಪ್ರತಿಯೊಬ್ಬನೂ ‘ನಾನು ಅವನ ಚಿಕ್ಕಪ್ಪನ ಮಗ’ ಎಂದು ನಿಂತರೆ ನಿಜವಾಗಿ ತುಳಿತಕ್ಕೊಳಗಾದವನ ಪಾಲು ಕರಗಿಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಭಟ್ಕಳದವರು ಬೇರೆ ಹೆಸರು ಹಿಡಿದು ಬಂದವರಲ್ಲ. ಪಟ್ಟಿಯಲ್ಲಿರುವ ಹೆಸರೇ ಅವರ ಹೆಸರು. ಅವರಿಗೆ ‘ಇದ್ದಂತೆಯೇ ಓದಬೇಕು’ ಎಂದರೆ ಗೆದ್ದಂತೆ, ‘ಯಾರಿಗಾಗಿ ಬರೆದದ್ದೋ ನೋಡಬೇಕು’ ಎಂದರೆ ವಿಚಾರಣೆ ಬೇಕು. ಅವರನ್ನು ಹೊರಗಿಡುವವರು ಮಾತ್ರ ಎರಡನ್ನೂ ಒಟ್ಟಿಗೆ ಹೇಳುತ್ತಾರೆ: ಇದ್ದಂತೆಯೇ ಓದಬೇಕು, ಆದರೆ ನಿಮಗಾಗಿ ಬರೆದದ್ದಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ.

ನ್ಯಾಯಾಲಯ ತಾನು ಕಾನೂನು ಮಾಡುವುದಿಲ್ಲ ಎಂದು ಕೈಕಟ್ಟಿ ನಿಂತಿದ್ದರೆ ಅದಕ್ಕಾದರೂ ಒಂದು ಮರ್ಯಾದೆ ಇತ್ತು. ಇದೇ ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಅದು ಮಾಡಿದ್ದು ನೋಡಿ. 1994ರಲ್ಲಿ ಮಾಧುರಿ ಪಾಟೀಲ್ ಪ್ರಕರಣ. ಯಾವ ಶಾಸನದಲ್ಲೂ ಇಲ್ಲದ ಒಂದು ಇಡೀ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟು 15 ನಿರ್ದೇಶನಗಳಲ್ಲಿ ಬರೆದು ದೇಶಕ್ಕೆಲ್ಲ ಅನ್ವಯಿಸಿತು. ಪ್ರತಿ ರಾಜ್ಯದಲ್ಲೂ ಪರಿಶೀಲನಾ ಸಮಿತಿ, ಅದರ ಕೆಳಗೆ ಪೊಲೀಸ್ ಅಧಿಕಾರಿಯ ನೇತೃತ್ವದಲ್ಲಿ ಜಾಗೃತ ದಳ. ಆ ಅಧಿಕಾರಿ ಅರ್ಜಿದಾರನ ಊರಿಗೆ ಹೋಗಬೇಕು, ಶಾಲಾ ದಾಖಲೆ ನೋಡಬೇಕು, ಹೆತ್ತವರನ್ನು ಕೇಳಬೇಕು. ನಿಮ್ಮ ದೇವರು ಯಾವುದು, ಮದುವೆ ಹೇಗೆ ಮಾಡುತ್ತೀರಿ, ಸತ್ತವರನ್ನು ಹೂಳುತ್ತೀರೋ ಸುಡುತ್ತೀರೋ ಎಂದು ವಿಚಾರಿಸಿ ವರದಿ ಬರೆಯಬೇಕು. ಮನೆಯ ಜಗಲಿಯ ಮೇಲೆ ನೋಟ್‌ಬುಕ್ ಹಿಡಿದು ಕೂತ ಇನ್‌ಸ್ಪೆಕ್ಟರ್ ಅಜ್ಜಿಯೊಬ್ಬಳಿಗೆ ‘ನಿಮ್ಮಲ್ಲಿ ಹೆಣ ಏನು ಮಾಡುತ್ತೀರಿ’ ಎಂದು ಕೇಳುವುದನ್ನು ಊಹಿಸಿಕೊಳ್ಳಿ. ಇದನ್ನು ಯಾವ ಸಂಸತ್ತೂ ಚರ್ಚಿಸಿರಲಿಲ್ಲ.

ನ್ಯಾಯಾಲಯಕ್ಕೆ ಹೀಗೆ ಶಾಸನ ಬರೆಯುವ ಅಧಿಕಾರವಿದೆಯೇ ಎಂಬ ಅನುಮಾನ ಕೊನೆಗೆ ಸುಪ್ರೀಂ ಕೋರ್ಟಿನೊಳಗೇ ಎದ್ದಿತು. 2011ರಲ್ಲಿ ದಯಾರಾಂ ಪ್ರಕರಣದಲ್ಲಿ ಮೂವರ ಪೀಠ ಉತ್ತರ ಕೊಟ್ಟಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾ. ಆರ್.ವಿ. ರವೀಂದ್ರನ್ ಬರೆದ ತೀರ್ಪು ಅದು: ಶಾಸನ ಇಲ್ಲದ ಕಡೆ ಖಾಲಿ ಜಾಗ ತುಂಬಲು ನ್ಯಾಯಾಲಯ ನಿಯಮ ರೂಪಿಸಬಹುದು, ಶಾಸನ ಬಂದ ದಿನ ಅವು ಜಾಗ ಬಿಟ್ಟುಕೊಡುತ್ತವೆ. ಒಪ್ಪುತ್ತೇನೆ, ಅದರ ಪ್ರಾಮಾಣಿಕತೆಗೂ ಮೆಚ್ಚುಗೆ ಇದೆ. ಆದರೆ ಹಾಗಾದರೆ ಕೇಳಬೇಕು: ದೇಶಕ್ಕೆಲ್ಲ 15 ನಿರ್ದೇಶನ ಬರೆಯಬಹುದಾದ ಕೈಗೆ ಒಂದು ಹೆಸರಿನ ಅರ್ಥ ತಿಳಿಯಲು ಸಾಕ್ಷ್ಯ ಕೇಳುವಾಗ ಮಾತ್ರ ಅಧಿಕಾರ ಸಾಲದಾಯಿತೇ?

341ನೇ ವಿಧಿಯ ಕಥೆ ಇನ್ನೂ ಇದೆ. ಪರಿಶಿಷ್ಟ ಜಾತಿಗಳೆಲ್ಲ ಸೇರಿ ಒಂದೇ ವರ್ಗ, ಒಳಗೆ ಗೆರೆ ಎಳೆಯುವಂತಿಲ್ಲ ಎಂದು 2004ರಲ್ಲಿ ಚಿನ್ನಯ್ಯ ಪ್ರಕರಣದಲ್ಲಿ ಹೇಳಿದ್ದ ನ್ಯಾಯಾಲಯ, 2024ರ ಆಗಸ್ಟ್ 1ರಂದು ದವೀಂದರ್ ಸಿಂಗ್ ಪ್ರಕರಣದಲ್ಲಿ ಎಳೆಯಬಹುದು ಎಂದಿತು. ಏಳು ಮಂದಿಯಲ್ಲಿ ಆರು ಮಂದಿ ಆ ಕಡೆ. ನಡುವಿನ 20 ವರ್ಷದಲ್ಲಿ ವಿಧಿಯ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಕರ್ನಾಟಕದ 101 ಜಾತಿಗಳ ಒಳಮೀಸಲಾತಿಯ ಲೆಕ್ಕವೆಲ್ಲ ಈಗ ನಿಂತಿರುವುದು ಆ ತೀರ್ಪಿನ ಮೇಲೆ. ಎರಡನೆಯದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದು ಓದಿ ಕಂಡುಕೊಂಡದ್ದು, ಮಾಡಿದ್ದಲ್ಲ ಎಂದರೆ ನಂಬಲು ನಾನು ಸಿದ್ಧನಿಲ್ಲ.

ನ್ಯಾಯಾಧೀಶ ‘ನಾನು ಬರೀ ಓದುತ್ತೇನೆ’ ಎಂದು ಹಿಂದೆ ಸರಿದಾಗ ಆ ಜಾಗ ಖಾಲಿ ಉಳಿಯುವುದಿಲ್ಲ ಎಂಬುದನ್ನು ಕರಾವಳಿಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಮೀಸಲಾತಿಯ 1990ರ ರಾಜ್ಯ ಕಾಯ್ದೆಯಡಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು, ಮೇಲ್ಮನವಿ ಸಹಾಯಕ ಆಯುಕ್ತರಿಗೆ. ಪಟ್ಟಿಯ ಹೆಸರಿಗೆ ಅರ್ಥ ಹಚ್ಚುವವರು ಕೊನೆಗೆ ಅವರೇ. ಮೇಲಿನಿಂದ ಒಂದು ಸುತ್ತೋಲೆ ಬಂದರೆ ಕೊಡುತ್ತಾರೆ, ಇನ್ನೊಂದು ಬಂದರೆ ನಿಲ್ಲಿಸುತ್ತಾರೆ. ಸುತ್ತೋಲೆಗೆ ಕಾರಣ ಬರೆಯುವ ಕಟ್ಟುಪಾಡಿಲ್ಲ, ಎದುರು ಪಕ್ಷವನ್ನು ಕೇಳುವ ರೂಢಿಯಿಲ್ಲ. ಆರಿಸಿಬಂದ ಶಾಸಕರು ಧರಣಿಯ ಪೆಂಡಾಲಿಗೆ ಬಂದು ಬೆಂಬಲವಿದೆ ಎಂದು ಹೋಗುತ್ತಾರೆ, ಮೂಗಿಗೆ ತುಪ್ಪ. ಇದಕ್ಕೆ ಪ್ರಜಾಪ್ರಭುತ್ವ ಎನ್ನುವುದಾದರೆ ಕರಾವಳಿ ನಿಯಂತ್ರಣ ವಲಯದ 1991, 2011, 2019ರ ಅಧಿಸೂಚನೆಗಳಿಗೂ ಹಾಗೆನ್ನಬೇಕು. ಬಂದರಿನ ಪಕ್ಕದ ಮನೆಗೆ ಒಂದು ಕೋಣೆ ಸೇರಿಸಲು ಅಡ್ಡ ಬರುವ ಆ ನಿಯಮಗಳನ್ನು ಯಾವ ಸದನವೂ ಮತಕ್ಕೆ ಹಾಕಿ ಅಂಗೀಕರಿಸಿದ್ದಲ್ಲ. 1986ರ ಪರಿಸರ ಕಾಯ್ದೆಯ ಒಂದು ಸೆಕ್ಷನ್ನಿನ ಬಲದಿಂದ ದೆಹಲಿಯ ಸಚಿವಾಲಯ ಹೊರಡಿಸಿದ್ದು.

ನ್ಯಾಯಾಧೀಶರು ಮಾಡಿದ ಕಾನೂನೆಂದರೆ ಜನವಿರೋಧಿ ಎಂಬ ಅಂಜಿಕೆಗೆ ಈ ಕಡಲೇ ಒಂದು ಹಳೆಯ ಉತ್ತರ ಇಟ್ಟುಕೊಂಡಿದೆ. ಉತ್ತರ ಕನ್ನಡ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ, ಬಾಂಬೆ ಹೈಕೋರ್ಟು ತೆರೆದದ್ದೂ ಅದೇ ವರ್ಷ. ಅಲ್ಲಿಂದ 1956ರವರೆಗೆ ಭಟ್ಕಳದವರ ಮೇಲ್ಮನವಿ ಹೋಗುತ್ತಿದ್ದುದು ಮುಂಬೈಗೆ. ಆ ಪ್ರಾಂತ್ಯದ ಮೀನುಗಾರರ ಜಗಳಗಳೂ ಅದೇ ನ್ಯಾಯಾಲಯಕ್ಕೆ ಬರುತ್ತಿದ್ದವು. 1871ರಲ್ಲಿ ಕಸ್ತ್ಯಾ ರಾಮನ ಪ್ರಕರಣ: ಸಮುದ್ರದಲ್ಲಿ ಬಲೆ ಕಟ್ಟಲು ನೆಟ್ಟ ಕಂಬಗಳನ್ನು ಇನ್ನೊಂದು ಊರಿನವರು ಕಿತ್ತುಹಾಕಿದ್ದು. 1876ರಲ್ಲಿ ಬಾಬನ್ ಮಾಯಾಚಾ ವಿರುದ್ಧ ನಾಗು ಶ್ರಾವುಚಾ: ಒಬ್ಬರ ಬಲೆಗೆ ಇನ್ನೊಬ್ಬರ ಬಲೆ ಅಡ್ಡ ಬಂದ ತಕರಾರು.

ಸಮುದ್ರ ಮೀನುಗಾರಿಕೆಗೆ ಆಗ ಶಾಸನವೇ ಇರಲಿಲ್ಲ. ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ, ಅದೂ ಮುಖ್ಯವಾಗಿ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದರ ವಿರುದ್ಧ. ಬಾಬನ್ ಮಾಯಾಚಾ ಪ್ರಕರಣ ತೀರ್ಮಾನಿಸಿದ ನ್ಯಾ. ವೆಸ್ಟ್ ಮುಂದೆ ಓದಲು ಏನೂ ಇರಲಿಲ್ಲ ಎಂದೇ ಹೇಳಬೇಕು. ಶಾಸನವಿಲ್ಲದ ಕಡೆ ಆ ದೇಶದ ರೂಢಿ, ಅದೂ ಇಲ್ಲದಿದ್ದರೆ ಪ್ರತಿವಾದಿಯ ಧರ್ಮ, ಕೊನೆಗೆ ನ್ಯಾಯ ಮತ್ತು ಒಳ್ಳೆಯ ಮನಸ್ಸಾಕ್ಷಿ ಎಂದು ಬಾಂಬೆಯ 1827ರ 4ನೇ ರೆಗ್ಯುಲೇಷನ್ ಹೇಳುತ್ತಿತ್ತು. ಅವರು ಕೊಟ್ಟ ನಿಯಮ ಸರಳವಾದದ್ದು: ಕಡಲಲ್ಲಿ ಮೀನು ಹಿಡಿಯುವ ಹಕ್ಕು ಎಲ್ಲರದು, ಆದ್ದರಿಂದಲೇ ಪ್ರತಿಯೊಬ್ಬನೂ ಅದನ್ನು ಇತರರ ಅಷ್ಟೇ ಹಕ್ಕಿಗೆ ಅಡ್ಡಿಯಾಗದಂತೆ ನ್ಯಾಯವಾಗಿ ಬಳಸಬೇಕು. ಅಡ್ಡಿಪಡಿಸಿ ವಿಶೇಷ ನಷ್ಟ ಮಾಡಿದರೆ ನೊಂದವನು ದಾವೆ ಹೂಡಬಹುದು.

ಈ ಎರಡು ವಾಕ್ಯದ ಕಾನೂನನ್ನು ಇಂದಿನ ಕಡಲಿನ ಮೇಲಿಟ್ಟು ನೋಡಿ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಬಲೆ ಎಳೆಯುವವರ ಬದುಕು ಮುರಿದಾಗ ನಡೆದ ಜಗಳ ಇದೇ. ರಾತ್ರಿ ಎಲ್‌ಇಡಿ ದೀಪ ಉರಿಸಿ ಸುತ್ತಲಿನ ಮೀನನ್ನೆಲ್ಲ ಒಂದೇ ಬೋಟಿನಡಿ ಸೆಳೆಯುವ ಲೈಟ್ ಫಿಶಿಂಗ್ ವಿರುದ್ಧ ತೆಂಗಿನಗುಂಡಿಯ ನಾಡದೋಣಿಯವನು ಹೇಳುವುದೂ ಇದನ್ನೇ: ಹಿಡಿಯಲಿ, ಆದರೆ ನನಗೂ ಹಿಡಿಯಲು ಬಿಡಲಿ. ರಾಜ್ಯದ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು, ದೀಪಕ್ಕೆ ಕೇಂದ್ರದ ನಿಷೇಧ ಬಂದದ್ದು 2017ರಲ್ಲಿ. ಅವು ಬೇಕಾದವೇ. ಆದರೆ ಅವುಗಳ ಅಡಿಯಲ್ಲಿ ದೋಣಿಯವನು ಮಾಡಬಹುದಾದದ್ದು ಇಲಾಖೆಗೆ ಮನವಿ ಕೊಡುವುದು, ಮತ್ತೊಂದು ಮನವಿ ಕೊಡುವುದು. ಬಾಬನ್ ಮಾಯಾಚಾ ಅವನ ಕೈಗೆ ಕೊಟ್ಟದ್ದು ಮನವಿಯಲ್ಲ, ಹಕ್ಕು.

ವೆಸ್ಟ್ ಸಾಹೇಬರ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದು ಪರಕೀಯರ ನ್ಯಾಯಾಲಯ, ಖರ್ಚಿನ ನ್ಯಾಯಾಲಯ. 1875ರಲ್ಲಿ ಕೆನರಾದ ಭೂಮಾಲೀಕರ ಕಂದಾಯ ನಿಗದಿಯ ದೊಡ್ಡ ಪ್ರಕರಣ ಅಲ್ಲಿಗೆ ಹೋಯಿತು. ಮರುವರ್ಷ, 1876ರ 10ನೇ ಕಾಯ್ದೆ, ಕಂದಾಯದ ವಿಷಯದಲ್ಲಿ ಬಾಂಬೆ ಪ್ರಾಂತ್ಯದ ಸಿವಿಲ್ ಕೋರ್ಟುಗಳ ಬಾಗಿಲನ್ನೇ ಬಹುಪಾಲು ಮುಚ್ಚಿತು. ಹಾಗೆ ಮುಚ್ಚಿದ್ದು ಶಾಸನ, ಆ ಶಾಸನ ಮಾಡಿದವರನ್ನು ಕೆನರಾದ ಒಬ್ಬನೂ ಆರಿಸಿರಲಿಲ್ಲ. ಯಾವುದು ಜನರ ಕಾನೂನು ಎಂಬುದನ್ನು ಅದು ಹುಟ್ಟಿದ ಕಟ್ಟಡ ನೋಡಿ ಹೇಳಲಾಗುವುದಿಲ್ಲ ಎನ್ನಲು ಇಷ್ಟು ಹೇಳಿದೆ.

ಹಾಗಾದರೆ ನ್ಯಾಯಾಧೀಶರಿಗೆ ಲಂಗುಲಗಾಮಿಲ್ಲದ ಅಧಿಕಾರ ಕೊಡಬೇಕೇ ಎಂದು ಕೇಳುವವರಿಗೆ ಘಟ್ಟದ ಕಡೆ ಕೈ ತೋರಿಸುತ್ತೇನೆ. 1996ರ ಡಿಸೆಂಬರ್ 12ರಂದು ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ‘ಅರಣ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥ ಹಿಡಿಯಬೇಕು, ಜೊತೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವುದೆಲ್ಲವೂ ಮಾಲೀಕತ್ವ ಯಾರದೇ ಇರಲಿ ಅದರಲ್ಲಿ ಸೇರುತ್ತದೆ ಎಂದಿತು. ದೂರು ಹುಟ್ಟಿದ್ದು ನೀಲಗಿರಿಯ ಗೂಡಲೂರಿನಲ್ಲಿ, ಕಾನೂನು ಬಿದ್ದದ್ದು ದೇಶದ ಮೇಲೆ. ಮುಕ್ಕಾಲಿಗೂ ಹೆಚ್ಚು ಭಾಗ ಅರಣ್ಯವೆಂದೇ ದಾಖಲಾದ ಉತ್ತರ ಕನ್ನಡದ ಮೇಲೆ ಅದು ಎಷ್ಟು ಭಾರವಾಗಿ ಬಿತ್ತೆಂದು ಇಲ್ಲಿನ ಅತಿಕ್ರಮಣದಾರ ರೈತರನ್ನು ಕೇಳಿ. ಕಾಡು ಉಳಿಯಬೇಕಿತ್ತು, ಒಂದಷ್ಟು ಉಳಿಯಿತು ಕೂಡ. ನನ್ನ ತಕರಾರು ನಿಘಂಟಿನ ಬಗ್ಗೆ. ದೇಶದ ಭೂಮಿಯ ಬಳಕೆಯನ್ನೇ ಬದಲಿಸುವ ನಿರ್ಣಯಕ್ಕೆ ‘ಪದದ ಸಹಜ ಅರ್ಥವಷ್ಟೇ ಇದು’ ಎಂಬ ಮುಸುಕು ಹಾಕಿದ್ದರಿಂದ, ಇದರ ಹೊರೆ ಹೊರುವವರು ಯಾರು, ಅವರನ್ನು ಕೇಳಿದಿರಾ ಎಂಬ ಪ್ರಶ್ನೆ ಏಳಲೇ ಇಲ್ಲ. ಅರ್ಥ ನಿಘಂಟಿನಲ್ಲಿದ್ದರೆ ಮಂಚಿಕೇರಿಯ ರೈತನನ್ನು ಯಾಕೆ ಕೇಳಬೇಕು!

ಅರಣ್ಯ ಹಕ್ಕು ಕಾಯ್ದೆಯಲ್ಲೂ ಇದೇ ಆಟ, ಅಲ್ಲಿ ಆಡುವವರು ಅಧಿಕಾರಿಗಳು. 2006ರ ಆ ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಗೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸ ಕೇಳುತ್ತದೆ. ಆದರೆ ಜಮೀನಿನ ಸಾಗುವಳಿಗೆ ಇಟ್ಟ ದಿನಾಂಕ 2005ರ ಡಿಸೆಂಬರ್ 13, ಅದೂ ಬೇರೆಯೇ ಸೆಕ್ಷನ್ನಿನಲ್ಲಿ. 2012ರ ತಿದ್ದುಪಡಿ ನಿಯಮಗಳು ಇಂಥದ್ದೇ ದಾಖಲೆ ಬೇಕೆಂದು ಹಟ ಹಿಡಿಯಬಾರದು ಎನ್ನುತ್ತವೆ, ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ. ಇಷ್ಟಾದರೂ ಈ ಜಿಲ್ಲೆಯಲ್ಲಿ ಬಹುಪಾಲು ಅರ್ಜಿ ಬಿದ್ದುಹೋದದ್ದು ಇದೇ ಜಮೀನಿಗೆ 75 ವರ್ಷದ ಕಾಗದ ತನ್ನಿ ಎಂಬ ಓದಿನಿಂದ. ಇಲ್ಲಿ ಶಾಸನದ ಅಕ್ಷರವೇ ಜನರ ಪರವಾಗಿತ್ತು. ಅಕ್ಷರಕ್ಕೆ ನಿಷ್ಠೆ ಎನ್ನುವವರು ಆಗ ಎಲ್ಲಿದ್ದರೋ.

ಭಟ್ಕಳದ ಹೆಸರಿನ ಜಗಳ ಬಗೆಹರಿಯಲು ದಾರಿ ಎರಡೇ. ಸಂಸತ್ತು ಕೇರಳದಲ್ಲಿ ಮಾಡಿದಂತೆ ಇಲ್ಲೂ ಎರಡು ಮೂರು ಪದ ಸೇರಿಸಲಿ, ‘ಹೊರತುಪಡಿಸಿ’ ಎಂದೋ ‘ಸೇರಿದಂತೆ’ ಎಂದೋ, ತನ್ನ ಹೊಣೆಯಲ್ಲಿ. ಅದಾಗದಿದ್ದರೆ ನ್ಯಾಯಾಲಯ ಮುನಿಚಿನ್ನಪ್ಪ ಪ್ರಕರಣದ ದಾರಿಗೆ ಮರಳಿ ಸಾಕ್ಷ್ಯಕ್ಕೆ ಕೂರಲಿ. 1936ರ ಪಟ್ಟಿಗೆ ಹೆಸರು ಕಳಿಸಿದ ಜಿಲ್ಲಾ ಕಡತ, ಹಳೆಯ ಜನಗಣತಿ, ಶಾಲೆಯ ದಾಖಲಾತಿ ಪುಸ್ತಕ, ಯಾರನ್ನು ಯಾವ ಬಾವಿಗೆ ಬಿಡುತ್ತಿರಲಿಲ್ಲ ಎಂಬ ನೆನಪು ಎಲ್ಲ ಬರಲಿ. ಹಾಗೆ ಕೂತರೆ ಭಟ್ಕಳದವರು ಸೋಲಲೂಬಹುದು. ಸಾಕ್ಷ್ಯ ಆ ಕಡೆಗೇ ವಾಲೀತೆಂದು ನನ್ನ ಅಂದಾಜು ಕೂಡ. ಆದರೆ ಕಾರಣ ಕೇಳಿ ಸೋತವನಿಗೂ ಸುತ್ತೋಲೆಯಿಂದ ಸೋತವನಿಗೂ ಫರಕಿದೆ.

ಆ ವಿಚಾರಣೆಯಲ್ಲಿ ಪುತ್ತೂರು, ಸುಳ್ಯ ಕಡೆಯ ಮೊಗೇರರೂ ಕಕ್ಷಿದಾರರಾಗಿರಬೇಕು. ಪಾಲು ಹೋದರೆ ಹೋಗುವುದು ಅವರದು, ಅವರನ್ನು ಬಿಟ್ಟು ಸರ್ಕಾರ ಮತ್ತು ಭಟ್ಕಳದವರ ನಡುವೆಯೇ ವಾದ ಮುಗಿದರೆ ಅದೂ ಇನ್ನೊಂದು ಗೋದವರ್ಮನ್. ಸದ್ಯದ ಏರ್ಪಾಡಿನಲ್ಲಿ ಇದು ಅಷ್ಟು ಸುಲಭವೂ ಅಲ್ಲ. ಉತ್ತರ ಕನ್ನಡದ ರಿಟ್ ಅರ್ಜಿ ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ, ದಕ್ಷಿಣ ಕನ್ನಡದ್ದು ಬೆಂಗಳೂರಿಗೆ. ಒಂದೇ ಹೆಸರಿನ ಇಬ್ಬರನ್ನು ಒಂದೇ ಕೋಣೆಗೆ ಕರೆಸಬೇಕೆಂದರೆ ಮೊದಲು ಮುಖ್ಯ ನ್ಯಾಯಮೂರ್ತಿಗಳು ಕಡತಗಳನ್ನು ಒಂದು ಕಡೆ ತರಿಸಬೇಕು.